ಜೀಪಿಗೆ ಹಾಕಿಸಿದ ಗಟ್ಟಿ ಪಾಟಾ

ಜೀಪಿನ ಹಿಂದೆ ಮಲಗಿದ್ದ ರುಕ್ಮವ್ವ ಕಾಕಿ ಅಳಲಿಲ್ಲ, ಕೂಗಲಿಲ್ಲ. ಗಾಡಿ ಕುಕ್ಕಿದಾಗಲೆಲ್ಲ ನನ್ನ ಹೆಂಡತಿಯ ಕೈ ಹಿಂಡುತ್ತಿದ್ದರು, ಅಷ್ಟೇ.

ಕಾಕಿ ನಮ್ಮ ಪಕ್ಕದ ತೋಟದವರು. ದ್ರಾಕ್ಷಿ ಗೊನೆ ಕತ್ತರಿಸುವಾಗ ಸ್ಟೂಲಿನಿಂದ ಬಿದ್ದು ತೊಡೆಯ ಮೂಳೆ ಮುರಿದುಕೊಂಡಿದ್ದರು. ಆಂಬ್ಯುಲೆನ್ಸ್ ಅಥಣಿ ರಸ್ತೆಯಲ್ಲೇ ನಿಂತಿತ್ತು. ನಡುವಿನ ಹಳ್ಳ ದಾಟಿ, ನಾಲ್ಕು ಕಿಲೋಮೀಟರ್ ಕಲ್ಲುದಾರಿಯಲ್ಲಿ ಅಲ್ಲಿಗೆ ಹೋಗಬಲ್ಲದ್ದು ನನ್ನ ಫೋರ್ ವೀಲ್ ಜೀಪ್ ಒಂದೇ.

ಆದರೆ ಹದಿನೈದು ದಿನದ ಹಿಂದಷ್ಟೇ ಅದಕ್ಕೆ ಹೊಸ ಪಾಟಾ, ಅಂದರೆ ಸ್ಪ್ರಿಂಗಿನ ಪಟ್ಟಿ, ಹಾಕಿಸಿದ್ದೆ. ಔಷಧದ ದೊಡ್ಡ ಟ್ಯಾಂಕು, ಸ್ಪ್ರೇ ಮಷೀನು ಹೊತ್ತು ಹೊತ್ತು ಹಿಂದಿನ ಹಳೆಯ ಸ್ಪ್ರಿಂಗ್ ಪೂರ್ತಿ ಚಪ್ಪಟೆಯಾಗಿತ್ತು.

ಚಿಕ್ಕೋಡಿಯ ಗ್ಯಾರೇಜ್ ಮಿಸ್ತ್ರಿ ಆಗ ಕೇಳಿದ್ದರು, "ದಿನಾ ಇಷ್ಟ ಭಾರ ಇರತೈತೇನ್ರಿ?"

"ಯಾವಾಗ್ಲೂ ಇರತೈತ್ರಿ. ಇದ್ದದ್ರಾಗ ಗಟ್ಟಿದು ಹಾಕ್ರಿ," ಎಂದಿದ್ದೆ.

ಸುಳ್ಳು. ವಾರದಲ್ಲಿ ನಾಲ್ಕು ದಿನ ಗಾಡಿ ಖಾಲಿಯೇ ಓಡುತ್ತದೆ.

ಕಾಕಿಯನ್ನು ಮಲಗಿಸಲು ಅಂದು ಟ್ಯಾಂಕ್ ಇಳಿಸಿದ್ದೆ. ಖಾಲಿ ಗಾಡಿಗೆ ಆ ದಪ್ಪ ಪಾಟಾ ಬಾಗಲೇ ಇಲ್ಲ... ಒಂದೊಂದು ಕಲ್ಲೂ ನೇರವಾಗಿ ಕಾಕಿಯ ಮೂಳೆಗೆ ಬಡಿಯುತ್ತಿತ್ತು. ನಡೆಯುವಷ್ಟು ನಿಧಾನ ಮಾಡಿದರೂ ಉಪಯೋಗವಾಗಲಿಲ್ಲ.

"ನಿಲ್ಲಸ್ರಿ," ಅಂದಳು ಹೆಂಡತಿ. "ಕಾಕಿಗೆ ಮಾತ ಹೊರಡವಲ್ದು."

ನಿಲ್ಲಿಸಿದೆ. ಮುಂದೇನು ಎಂದು ತಿಳಿಯಲಿಲ್ಲ.

ಪಕ್ಕದ ಹೊಲದಲ್ಲಿ ಕಬ್ಬು ಕಡಿಯುವ ಗ್ಯಾಂಗ್ ಇತ್ತು. ಅವರಲ್ಲೊಬ್ಬ ಹೆಂಗಸು ಕಬ್ಬು ಕಡಿಯುವ ಕತ್ತಿ ಹಿಡಿದೇ ಬಂದು ನೋಡಿದಳು. ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ಹೇಳಿದಳು, "ಖಾಲಿ ಟ್ರಾಲಿನೂ ಹಿಂಗ ಜಿಗಿತೈತಿ, ದಾದಾ. ಭಾರ ಹಾಕ್ರಿ, ಕೆಳಗ ಕೂಡ್ರತೈತಿ."

ಹೊಲದ ಮಾಲೀಕ ದೂರದಿಂದಲೇ "ಒಯ್ರಿ, ಒಯ್ರಿ" ಎಂದು ಕೈ ಬೀಸಿದರು. ಗ್ಯಾಂಗಿನವರು ಕಾಕಿಯನ್ನು ಅಲುಗಾಡಿಸದೆ ಎರಡೂ ಬದಿಗೆ ಕಬ್ಬಿನ ಹೊರೆ ಒಟ್ಟಿದರು. ಒಂದೊಂದು ಹೊರೆ ಬಿದ್ದಂತೆಲ್ಲ ಜೀಪು ಸ್ವಲ್ಪ ಸ್ವಲ್ಪವೇ ಕೆಳಗಿಳಿಯಿತು.

ಮತ್ತೆ ಹೊರಟೆ. ಕುಲುಕಾಟ ಪೂರ್ತಿ ಹೋಗಲಿಲ್ಲ, ಆದರೆ ಆ ಕುಕ್ಕುವಿಕೆ ನಿಂತಿತ್ತು.

ಹಳ್ಳ ದಾಟಿದ ಮೇಲೆ ಕಾಕಿ ಮೊದಲ ಸಲ ಮಾತಾಡಿದರು. "ಈಗ ತಡಕೋಬಹುದು. ಗಾಡಿ ಹೊಡಿ, ತಮ್ಮಾ."

ರಸ್ತೆಯಲ್ಲಿ ಅವರನ್ನು ಆಂಬ್ಯುಲೆನ್ಸಿಗೆ ಹತ್ತಿಸಿದೆವು. ಆಪರೇಷನ್ ಆಯಿತು. ಈಗ ಕೋಲು ಹಿಡಿದು ತೋಟದಲ್ಲಿ ಓಡಾಡುತ್ತಾರೆ.

ಮರುವಾರ ಹೆಂಡತಿಯ ಜೊತೆ ಮಿಸ್ತ್ರಿಯ ಹತ್ತಿರ ಹೋಗಿ ನಿಜ ಹೇಳಿದೆ. ಅವರು ಬೈಯಲಿಲ್ಲ. ಜೀಪನ್ನು ಖಾಲಿ ಒಮ್ಮೆ, ಟ್ಯಾಂಕ್ ತುಂಬಿ ಒಮ್ಮೆ ವೇಬ್ರಿಡ್ಜ್‌ನಲ್ಲಿ ತೂಗಿಸಿಕೊಂಡು ಬರಲು ಹೇಳಿದರು.

ಎರಡೂ ತೂಕ ನೋಡಿ ತೆಳುವಾದ ಪಾಟಾ ಆರಿಸಿದರು. ಜೊತೆಗೆ ಭಾರ ಬಿದ್ದಾಗ ಮಾತ್ರ ಕೆಲಸ ಮಾಡುವ ಒಂದು ಹೆಲ್ಪರ್ ಪಾಟಾ.

"ಭಾರ ಎಷ್ಟ ಅಂತ ಎಲ್ಲಾರೂ ಹೇಳ್ತಾರ್ರಿ," ಎಂದರು ಬೋಲ್ಟು ಬಿಗಿಯುತ್ತ. "ಖಾಲಿ ಎಷ್ಟ ಓಡಸ್ತೀವಿ ಅಂತ ಯಾರೂ ಹೇಳಂಗಿಲ್ಲ."

ವಾಪಸ್ ಬರುವಾಗ ಸ್ಟೇರಿಂಗ್ ಹೆಂಡತಿಗೆ ಕೊಟ್ಟು, ನಾನು ಹಿಂದೆ ಕುಳಿತೆ. ಗಾಡಿ ಕೊಂಡು ಆರು ವರ್ಷವಾದರೂ ಅಲ್ಲಿ ಕುಳಿತದ್ದು ಅದೇ ಮೊದಲು.

ನೀವು ಯಾವತ್ತಾದರೂ ನಿಮ್ಮ ಗಾಡಿಯ ಹಿಂದೆ ಕುಳಿತು ನೋಡಿದ್ದೀರಾ?