ಹೆದರಿಕೆ ಅಂತ ಹೇಳಿಬಿಟ್ಟೆ

ಮಕ್ಕಳನ್ನೂ ಅಸಹಾಯಕರನ್ನೂ ಕಾಪಾಡುವುದು ಹೇಗೆ ಎಂಬ ನಿಯಮಗಳ ಹಾಳೆ ವಿಜಯಪುರದ ನಮ್ಮ ಚರ್ಚಿಗೆ ಬಂದಾಗ ಅದನ್ನು ಎದ್ದು ನಿಂತು ಓದಿದವನು ಅವನೇ. ಧ್ವನಿ ಚೆನ್ನಾಗಿದೆ ಎಂದು ಪಾಸ್ಟರು ಅವನ ಕೈಗೇ ಕೊಟ್ಟರು. ಮಗುವಿನ ಜೊತೆಗಾಗಲಿ, ತನ್ನ ಕಷ್ಟ ತಾನು ಹೇಳಿಕೊಳ್ಳಲಾಗದವರ ಜೊತೆಗಾಗಲಿ ದೊಡ್ಡವರು ಒಬ್ಬರೇ ಬಾಗಿಲು ಹಾಕಿಕೊಂಡು ಕೂರಬಾರದು ಎಂಬ ಸಾಲನ್ನು ಎರಡು ಸಲ ಓದಿದ, ಹಿಂದೆ ಕೂತವರಿಗೂ ಕೇಳಲಿ ಎಂದು. ನಾವೆಲ್ಲ ಸಹಿ ಹಾಕಿದೆವು. ಹಾಳೆ ಕಪಾಟು ಸೇರಿತು. ದೊಡ್ಡ ಕೆಲಸ ಮಾಡಿದವರ ಹಾಗೆ ಚಹಾ ಕುಡಿದು ಮನೆಗೆ ಹೋದೆವು.

ಅವನು ಎಂದೇ ಬರೆಯುತ್ತೇನೆ. ಇಷ್ಟು ವರ್ಷ ಅವರು, ಅವರು ಎಂದು ನಾಲಿಗೆ ಸವೆಸಿದ್ದು ಸಾಕು. ಬಬಲೇಶ್ವರದವನು, ನಿವೃತ್ತ ಹೆಡ್ಮಾಸ್ತರ, ನಮ್ಮ ಸಭೆಯ ಹಿರಿಯ. ಸಭೆಯಲ್ಲಿ ಅರ್ಧ ಜನ ಅವನ ಕೈಯಲ್ಲಿ ಕಲಿತವರು. ನಾನೂ ಪ್ರಾಥಮಿಕ ಶಾಲೆಯ ಮಾಸ್ತರಿಣಿ, ಮೂರು ವರ್ಷ ಅವನ ಕೈಕೆಳಗೆ ದುಡಿದವಳು. ಅವನು ಬಂದರೆ ನಿವೃತ್ತಿಯಾದ ಮೇಲೂ ನಮ್ಮ ಬೆನ್ನು ತಾನಾಗಿ ಬಾಗುತ್ತಿತ್ತು. ವೇದಿಕೆಯ ಹಿಂದಿನ ಸಣ್ಣ ಕೋಣೆಯಲ್ಲಿ ಕೂತು ಕಷ್ಟದಲ್ಲಿದ್ದವರಿಗಾಗಿ ಪ್ರಾರ್ಥನೆ ಮಾಡುತ್ತಿದ್ದ. ಪರೀಕ್ಷೆಗೆ, ಮದುವೆಗೆ, ಮೈಯಲ್ಲಿ ಹುಷಾರಿಲ್ಲದ್ದಕ್ಕೆ, ಎಲ್ಲದಕ್ಕೂ ಅವನ ಪ್ರಾರ್ಥನೆಯೇ ಬೇಕು. ಆ ಕೋಣೆಯ ಬಾಗಿಲು ಮುಚ್ಚಿದ್ದರೆ ನಾವು ಚಪ್ಪಲಿ ಸದ್ದು ಮಾಡದೆ ದಾಟುತ್ತಿದ್ದೆವು.

ಆ ಹುಡುಗಿ ತಿಕೋಟಾದವಳು, ಇಪ್ಪತ್ತನಾಲ್ಕು ವರ್ಷ. ಹುಟ್ಟಿನಿಂದ ಕಿವಿ ಕೇಳಿಸದು, ಮಾತಿಲ್ಲ. ಕಿವುಡ ಮಕ್ಕಳ ಶಾಲೆಗೆ ನಾಲ್ಕು ವರ್ಷ ಹೋಗಿ ಬಿಟ್ಟಿದ್ದಳು. ತಾಯಿ ಒಣದ್ರಾಕ್ಷಿ ಶೆಡ್ಡಿನಲ್ಲಿ ಹಣ್ಣು ಆರಿಸಲು ಹೋಗುತ್ತಾಳೆ. ಶನಿವಾರ ಮುಂಜಾನೆಯ ಬಸ್ಸಿಗೆ ಬಂದು ಚರ್ಚು ಗುಡಿಸಿ, ಒರೆಸಿ, ಕುರ್ಚಿ ಹಾಕುವುದು ಈ ಹುಡುಗಿಯ ಕೆಲಸ. ಅವಳಿಗೆ ಕೆಲಸ ಹೇಳಲು ಬಾರದವರು ನಮ್ಮಲ್ಲಿ ಒಬ್ಬರೂ ಇರಲಿಲ್ಲ. ಬೆರಳಿನಲ್ಲಿ ಗುಂಡಗೆ ತೋರಿಸಿದರೆ ಚಹಾದ ಲೋಟ, ಅಂಗೈ ಸವರಿದರೆ ನೆಲ ಒರೆಸುವುದು. ಅವಳು ಕೈಯಾಡಿಸಿ ನೀರಿಲ್ಲ ಅಂದರೆ, ಬಸ್ಸು ತಡವಾಯಿತು ಅಂದರೆ, ಹೊಟ್ಟೆ ನೋವು ಅಂದರೆ ಎಲ್ಲರಿಗೂ ತಿಳಿಯುತ್ತಿತ್ತು. ಅವಳ ಜೊತೆ ಹೆಚ್ಚು ಒಡನಾಡಿದವಳು ನಾನು. ಶನಿವಾರ ಹೂವು ಜೋಡಿಸಲು ಹೋಗುತ್ತಿದ್ದೆ.

ಕಳೆದ ವರ್ಷ ಅಂಥದೇ ಒಂದು ಶನಿವಾರ ಅವಳು ನನ್ನ ಕೈಯಲ್ಲಿದ್ದ ಹೂವು ಕಸಿದು ಕೆಳಗಿಟ್ಟಳು. ಕೋಣೆಯ ಕಡೆ ಬೆರಳು ಮಾಡಿದಳು. ಜೇಬಿನಿಂದ ಪೆನ್ನು ತೆಗೆಯುವ ಹಾಗೆ ಮಾಡಿದಳು; ಹಿರಿಯನಿಗೆ ಅವಳು ಇಟ್ಟ ಗುರುತು ಅದು. ಚಿಲಕ ಹಾಕಿದಳು. ತನ್ನ ಬಾಯಿಯನ್ನು ತಾನೇ ಒತ್ತಿ ಹಿಡಿದಳು. ಆಮೇಲೆ ಅವಳು ತೋರಿಸಿದ್ದನ್ನು ಇಲ್ಲಿ ಬರೆಯುವುದಿಲ್ಲ, ಅದು ಅವಳದು. ಅವಳು ತೋರಿಸುತ್ತಲೇ ಇದ್ದಳು, ಒಂದು ದಿನದ್ದಲ್ಲ, ಎಷ್ಟೋ ಶನಿವಾರಗಳದ್ದು. ನನಗೆ ಒಂದೊಂದೂ ತಿಳಿಯಿತು. ತಿಳಿಯಲಿಲ್ಲ ಎಂದು ಹೇಳಿಕೊಳ್ಳುವ ನೆವವನ್ನು ಅವಳು ನನಗೆ ಉಳಿಸಲಿಲ್ಲ.

ಅಂದೇ ಪಾಸ್ಟರಿಗೆ ಫೋನು ಮಾಡಿ, ಆ ಹುಡುಗಿ ಏನೋ ಹೇಳಬೇಕಂತೆ ಎಂದೆ. ಭಾನುವಾರ ಆರಾಧನೆಗೆ ಮುಂಚೆ ಅವರು ಕಮಿಟಿಯವರನ್ನು ಸೇರಿಸಿದರು. ಆರು ಜನ ಗಂಡಸರು, ಅವರಲ್ಲಿ ಅವನೂ ಒಬ್ಬ. ದೂರು ಯಾರ ಮೇಲೆ ಎಂದು ನಾನು ಹೇಳಿರಲಿಲ್ಲ, ಅವರೂ ಕೇಳಿರಲಿಲ್ಲ. ಹುಡುಗಿಯ ತಾಯಿ ಮಗಳ ಬೆನ್ನ ಹಿಂದೆ, ಗಂಡಸರ ಮುಂದೆ ತಲೆ ಎತ್ತದೆ ಗೋಡೆಗೆ ಒರಗಿ ನಿಂತಿದ್ದಳು. ಹುಡುಗಿ ನನ್ನ ಕಡೆ ತಿರುಗಿ ಮತ್ತೆ ಎಲ್ಲವನ್ನೂ ತೋರಿಸಿದಳು. ಪೆನ್ನಿನ ಗುರುತು ಮಾಡುವಾಗ ಮಾತ್ರ ಅವನಿಗೆ ಬೆನ್ನು ಮಾಡಿ ನಿಂತಳು. ಗಂಡಸರು ನೆಲ ನೋಡುತ್ತ ಕೂತರು.

"ಆಕಿ ಏನು ಹೇಳಾಕತ್ತಾಳ್ರಿ ಅಕ್ಕಾರ?" ಎಂದರು ಪಾಸ್ಟರು.

ಅವನು ನನ್ನನ್ನೇ ನೋಡುತ್ತಿದ್ದ, ಹಿಂದೆ ನನ್ನ ಪಾಠದ ಟಿಪ್ಪಣಿ ತಿದ್ದುವಾಗ ನೋಡುತ್ತಿದ್ದ ಹಾಗೆ. ಆ ಮಾತನ್ನು ಆರು ಗಂಡಸರ ಮುಂದೆ ಆಡಲು ನನಗೆ ನಾಲಿಗೆ ಹೊರಳಲಿಲ್ಲ. ನಾಚಿಕೆ ಎಂದು ಆಗ ಅಂದುಕೊಂಡೆ. ಅದು ನಾಚಿಕೆಯಲ್ಲ, ಶುದ್ಧ ಹೇಡಿತನ.

"ಆ ಕೋಣ್ಯಾಗ ಹೋಗಾಕ ಆಕಿಗೆ ಹೆದರಿಕಿ ಆಗತೈತಂತ್ರಿ" ಎಂದೆ.

ಎಲ್ಲರ ಮುಖ ಹಗುರಾಯಿತು. ಅವನೇ ಮೊದಲು ಮಾತಾಡಿದ. "ಹೆದರಿಕಿ ಹೋಗಾಕ ಪ್ರಾರ್ಥನಿ ಬೇಕ್ರಿ. ಇವತ್ತ ಆರಾಧನಿ ಮುಗದ ಮ್ಯಾಲೆ ನಾನ ಕುಂತು ಮಾಡ್ತೀನಿ."

"ನಿಮ್ಮ ಉಪಕಾರ ಭಾಳ ಆತ್ರಿ ಯಪ್ಪಾ" ಎಂದು ತಾಯಿ ಅವನಿಗೆ ಕೈ ಮುಗಿದಳು.

ಹುಡುಗಿ ತಾಯಿಯ ಕೈ ನೋಡಿದಳು, ಅವನ ಮುಖ ನೋಡಿದಳು, ಆಮೇಲೆ ನನ್ನನ್ನು ನೋಡಿ ಹುಬ್ಬು ಮೇಲೆ ಮಾಡಿದಳು, ಏನಾಯಿತು ಎಂದು. ಆಮೇಲೆ ಪಾಸ್ಟರೊಬ್ಬರಿಗೇ ಗುಟ್ಟಾಗಿ ತಿಳಿಸಿದರಾಯಿತು ಎಂಬ ಲೆಕ್ಕಾಚಾರದಲ್ಲಿದ್ದೆ ನಾನು. ಎಲ್ಲ ಆಯಿತು ಎಂದು ಅಂಗೈ ಆಡಿಸಿದೆ. ಅವಳು ನಂಬಿದಳು. ಆರಾಧನೆಯಲ್ಲಿ ನನ್ನ ಪಕ್ಕದಲ್ಲೇ ಕೂತಳು.

ಕೊನೆಯ ಆಶೀರ್ವಾದ ಆದ ಮೇಲೆ ತಾಯಿ ಬಂದು ಅವಳ ಕೈ ಹಿಡಿದು ಎಬ್ಬಿಸಿದಳು. ಎಲ್ಲಿಗೆ ಎಂದು ತಿಳಿಯದೆ ಹುಡುಗಿ ಹಿಂದೆ ಹೋದಳು. ಕೋಣೆಯ ಹತ್ತಿರ ಹೋದಾಗ ತಿಳಿಯಿತು. ಎರಡೂ ಕೈಯಲ್ಲಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ತಾಯಿ ದೂಡುತ್ತಿದ್ದಾಳೆ, ಅವನು ಒಳಗೆ ಕುರ್ಚಿ ಎಳೆದುಕೊಳ್ಳುತ್ತಿದ್ದಾನೆ, ಹುಡುಗಿ ತಿರುಗಿ ನನ್ನನ್ನು ನೋಡುತ್ತಿದ್ದಾಳೆ.

"ಬಿಡ ಆಕಿನ್ನ! ಆತ ಆಕಿ ಮೈಮ್ಯಾಲೆ ಕೈ ಮಾಡ್ಯಾನ! ಚಿಲಕಾ ಹಾಕಿ, ಬಾಯಿ ಒತ್ತಿ ಹಿಡದು ಕೆಡಿಸ್ಯಾನ ಆಕಿನ್ನ!"

ಇಡೀ ಸಭೆಗೆ ಕೇಳುವಂತೆ ಕೂಗಿದೆ. ತಾಯಿ ಕೈ ಬಿಟ್ಟಳು. ಪಾಸ್ಟರು ಓಡಿ ಬಂದರು. ಹುಡುಗಿಯ ಹತ್ತಿರ ಅಲ್ಲ, ನನ್ನ ಹತ್ತಿರ.

"ಮುಂಜಾನಿ ಹೆದರಿಕಿ ಅಂದ್ರಿ, ಈಗ ಹಿಂಗ ಅಂತೀರಿ. ಯಾವುದ ಖರೇ ಅಕ್ಕಾರ?"

"ಮಾತ ಬರದಾಕಿ ಏನೋ ಕೈ ಆಡಸ್ತಾಳ, ಇವರು ಏನೋ ತಿಳಕೋತಾರ" ಎಂದ ಕಮಿಟಿಯವನೊಬ್ಬ.

"ನಾವು ಇರೂದ ನಾಕು ಮನಿ. ಊರಮಂದಿ ಮುಂದ ಮಾನ ಕಳೀಬ್ಯಾಡ್ರಿ" ಎಂದ ಇನ್ನೊಬ್ಬ.

ನನ್ನ ಮೈಯೆಲ್ಲ ಉರಿಯಿತು, ಇದನ್ನು ಬರೆಯುವಾಗಲೂ ಉರಿಯುತ್ತಿದೆ. ಕುರ್ಚಿ ಸಾಲದು ಎಂದು ಅವಳು ಕೈಯಾಡಿಸಿದರೆ ಇದೇ ಜನಕ್ಕೆ ತಿಳಿಯುತ್ತಿತ್ತು. ಚಹಾಕ್ಕೆ ಸಕ್ಕರೆ ಮುಗಿದಿದೆ ಎಂದರೆ ತಿಳಿಯುತ್ತಿತ್ತು. ಅವರ ಕೆಲಸಕ್ಕೆ ಬೇಕಾದಷ್ಟು ಅವಳ ಕೈ ಮಾತಾಡಬಹುದು. ತನ್ನ ಮೈಯ ಮಾತು ಬಂದಾಗ ಮಾತ್ರ ಅವಳು ಮೂಕಿ! ಸಹಿ ಹಾಕಿದ ಹಾಳೆ ಎಲ್ಲಿದೆ, ತೆಗೆಯಿರಿ ಎಂದೆ. ಕಪಾಟಿನ ಬೀಗದ ಕೈ ಯಾರ ಹತ್ತಿರ ಇದೆಯೆಂದು ಯಾರಿಗೂ ಗೊತ್ತಿರಲಿಲ್ಲ. ಅವನು ಕೋಣೆಯಿಂದ ಹೊರಗೆ ಬಂದು, ದೇವರು ನೋಡಿಕೊಳ್ಳುತ್ತಾನೆ ಎಂದು ನನ್ನನ್ನು ಕ್ಷಮಿಸಿದ. ಹೌದು, ಅವನು ನನ್ನನ್ನು!

ಅಷ್ಟು ಹೊತ್ತೂ ತಾಯಿ ಮಗಳ ಮುಂದೆ ನೆಲದ ಮೇಲೆ ಕೂತಿದ್ದಳು. ಹುಡುಗಿ ಅವಳಿಗೆ ಮತ್ತೆ ಮೊದಲಿನಿಂದ ತೋರಿಸುತ್ತಿದ್ದಳು. ತಾಯಿ ನಡುವೆ ಎಲ್ಲೂ ಕಣ್ಣು ತೆಗೆಯಲಿಲ್ಲ. ಮುಗಿದ ಮೇಲೆ ಎದ್ದು ಸೆರಗು ಬಿಗಿದು, "ನಾನ ದೂಡಿದ್ನೆಲ್ರೀ ನನ್ನ ಮಗಳನ್ನ. ನಡೀರಿ ಅಕ್ಕಾರ, ಪೊಲೀಸರ ಕಡೆ ನಡೀರಿ" ಎಂದಳು. ಮೂವರೂ ಆಟೋ ಹತ್ತಿದೆವು. ಚರ್ಚಿನವರು ಒಬ್ಬರೂ ಹಿಂದೆ ಬರಲಿಲ್ಲ.

ಮಹಿಳಾ ಠಾಣೆಯ ಅಧಿಕಾರಿ ಪೂರ್ತಿ ಕೇಳಿಸಿಕೊಂಡು, ಹೇಳಿಕೆ ಬರೆದುಕೊಳ್ಳಲು ಕಿವುಡ ಮಕ್ಕಳ ಶಾಲೆಯ ಶಿಕ್ಷಕಿಯನ್ನು ಕರೆಸಿದರು. ಮಾತಾಡಿದ ಹಾಗೆಯೇ ಸಲೀಸಾಗಿ ಸನ್ನೆ ಮಾಡುವ ಎಳೆಯ ಹೆಂಗಸು. ಹುಡುಗಿಯ ಪರಿಚಯದವರು ಅಂತ ನೀವೂ ಪಕ್ಕದಲ್ಲಿ ಕೂತುಕೊಳ್ಳಿ, ಅವಳಿಗೆ ಧೈರ್ಯ ಬರುತ್ತದೆ ಎಂದರು ಅಧಿಕಾರಿ. ನಾನು ಕುರ್ಚಿ ಎಳೆದುಕೊಂಡೆ.

ಹುಡುಗಿ ತಲೆ ಅಲ್ಲಾಡಿಸಿದಳು. ನನ್ನ ಕಡೆ ಬೆರಳು ಮಾಡಿ ಶಿಕ್ಷಕಿಗೆ ಏನೋ ಹೇಳಿದಳು, ಬೇಗ ಬೇಗ. ಶಿಕ್ಷಕಿ ನನ್ನ ಮುಖ ನೋಡಿ ಅನುಮಾನಿಸಿದಳು.

"ಹೇಳ್ರಿ" ಎಂದೆ.

"ಇವರು ಬ್ಯಾಡ ಅಂತಾಳ್ರಿ. ನಾ ಅಷ್ಟೊತ್ತು ಹೇಳಿದ್ದನ್ನ ಇವರು ಒಂದ ಸಲ ಬಾಯಿ ತಗದು ಮುಗಿಸಿಬಿಟ್ರು ಅಂತಾಳ."

ನಾನು ಎದ್ದು ಹೊರಗೆ ಹೋಗಿ ಬೆಂಚಿನ ಮೇಲೆ ಕೂತೆ. ಒಳಗೆ ಅವಳು ಒಂದೂವರೆ ತಾಸು ಹೇಳಿದಳು.