ಬಲೆ ಎಂದು ಕರೆದದ್ದು

ಮೂಡುಬಿದಿರೆಯ ಆಟದ ಸಾಮಾನಿನ ಅಂಗಡಿಯಲ್ಲಿ ತಮ್ಮನ ಮಗನಿಗೆಂದು ವಾಲಿಬಾಲ್ ಬಲೆ ಬಿಡಿಸಿ ನೋಡುತ್ತಿದ್ದೆ. ಹೊಸ ನೈಲಾನಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನಗು ಬಂತು. ಅಂಗಡಿಯವರು ವಿಚಿತ್ರವಾಗಿ ನೋಡಿದರು. ನೀವಾದರೂ ಹಾಗೆ ನೋಡಬೇಡಿ, ಕಾರಣ ಹೇಳುತ್ತೇನೆ.

ತೊಂಬತ್ತರ ದಶಕದಲ್ಲಿ ನಾನು ಬಂಟ್ವಾಳದ ಶಾಲೆಯೊಂದರಲ್ಲಿ ಕನ್ನಡ ಮಾಸ್ಟ್ರು. ಆ ವರ್ಷ ಬಾಗಲಕೋಟೆ ಕಡೆಯಿಂದ ಬಸವರಾಜ ಎಂಬ ಡ್ರಿಲ್ ಮಾಸ್ಟ್ರು ಬಂದರು. ತುಳು ಒಂದಕ್ಷರ ಬಾರದು. ಊಟ ಇದೆಯೇ ಎಂದು ಕೇಳಿದ್ದಕ್ಕೆ ಹೋಟೆಲಿನವರು ತುಳುವಿನಲ್ಲಿ ‘ಉಂಡು’, ಅಂದರೆ ‘ಇದೆ’ ಎಂದರು. ಇವರೋ ಎಲ್ಲರೂ ಉಂಡು ಮುಗಿಯಿತೆಂದು ತಿಳಿದು ಹಸಿದ ಹೊಟ್ಟೆಯಲ್ಲಿ ವಾಪಸು ಬಂದರು! ನಾವು ವಾರವಿಡೀ ನಕ್ಕಿದ್ದೇ ನಕ್ಕಿದ್ದು.

ಅದೇ ಮಳೆಗಾಲ ನೇತ್ರಾವತಿ ಪೇಟೆಗೆ ನುಗ್ಗಿತು. ದಿನಸಿ ಅಂಗಡಿಯ ಉಸ್ಮಾನ್ ಬ್ಯಾರಿಗಳು ತಕ್ಕಡಿ ತರುತ್ತೇನೆಂದು ಇಳಿದವರು ಸೆಳೆತಕ್ಕೆ ಸಿಕ್ಕಿದರು. ಒಂದು ಕೈಯಲ್ಲಿ ತೆಂಗಿನಮರ, ಇನ್ನೊಂದರಲ್ಲಿ ತಕ್ಕಡಿ. ನೀರು ಎದೆಯಿಂದ ಕತ್ತಿಗೇರುತ್ತಿತ್ತು. ನಾವೆಲ್ಲ ಎತ್ತರದ ಜಗಲಿಯಲ್ಲಿ ನಿಂತು ಅವರನ್ನು “ಬಲೆ! ಬಲೆ!” ಎಂದು ಕೂಗುತ್ತಿದ್ದೆವು. ತುಳುವಿನಲ್ಲಿ ‘ಬಲೆ’ ಎಂದರೆ ‘ಬನ್ನಿ’. ನಮ್ಮಲ್ಲಿ ಈಜು ಬಲ್ಲವರಿಗೇನೂ ಬರವಿರಲಿಲ್ಲ. ನಾನೂ ಬಲ್ಲವನೇ. ಆದರೆ ಆ ಕೆಂಪು ನೀರು ನೋಡಿ ನನ್ನ ಈಜೆಲ್ಲ ಕೂಗಿನಲ್ಲೇ ಮುಗಿದಿತ್ತು.

“ಬಲೆ ಬಲೆ ಅಂತ ಸುಮ್ನ ಒದರಾಕತ್ತೀರಲ್ರೀ, ಯಾರಾದ್ರೂ ತರಬಾರದೇನು?” ಎಂದು ಬೈದು ಬಸವರಾಜರು ಶಾಲೆಯತ್ತ ಓಡಿದರು. ಬಂದಾಗ ಹೆಗಲ ಮೇಲೆ ವಾಲಿಬಾಲಿನ ಬಲೆ! ಒಂದು ತುದಿ ಜಗಲಿಯ ಕಂಬಕ್ಕೆ, ಇನ್ನೊಂದು ಸ್ವಂತ ಸೊಂಟಕ್ಕೆ. ನಾವು ಬೇಡ ಎನ್ನುವಷ್ಟರಲ್ಲಿ ನೀರಿಗಿಳಿದಿದ್ದರು. ಒಮ್ಮೆ ತಲೆಯೇ ಮುಳುಗಿತು. ಮತ್ತೆ ಎದ್ದವರೇ, “ತಕ್ಕಡಿ ಬಿಡ್ರೀ!” ಎಂದು ಗದರಿದರು. ಬ್ಯಾರಿಗಳು ತಕ್ಕಡಿ ಬಿಟ್ಟು ಬಲೆಯ ಕಣ್ಣಿಗೆ ಬೆರಳು ಸಿಕ್ಕಿಸಿದರು. ನಾವು ಕೈಗೆ ಕೈ ಸೇರಿಸಿ ಇಬ್ಬರನ್ನೂ ಎಳೆದೆವು.

ಆಮೇಲೆ ಚಾ ಕುಡಿಯುವಾಗ ಕೇಳಿದೆ, “ಈಜು ಬರ್ತದಾ ಮಾಸ್ಟ್ರೆ?”

“ಇಲ್ರೀ.”

“ಮತ್ತೆ ಎಂತಕ್ಕೆ ಇಳಿದದ್ದು ಮಾರಾಯ್ರೆ?”

“ನೀವು ಬಲೆ ಅಂದ್ರಿ, ನಾ ತಂದ್ನಿ. ತಂದ ಮ್ಯಾಲೆ ಅದನ್ನ ಹಿಡ್ಕೊಂಡು ನಿಂತು ನೋಡಾಕ್ ಆಗತ್ತೇನ್ರೀ?”

ಪದದ ಅರ್ಥ ಬಿಡಿಸಿ ಹೇಳಿದಾಗ ಅವರು ಚಾ ಚೆಲ್ಲುವಷ್ಟು ನಕ್ಕರು. ಯಾರದೋ ಲುಂಗಿ ಉಟ್ಟು ನಡುಗುತ್ತಿದ್ದ ಬ್ಯಾರಿಗಳು ಮಾತ್ರ ನಗಲಿಲ್ಲ. “ನೀವು ಕರೆದದ್ದು ನನ್ನನ್ನು. ಬಂದದ್ದು ಇವರು,” ಎಂದರು.

ಧೈರ್ಯವಂತರ ಮಣ್ಣೇ ಬೇರೆ ಎಂದು ಅಲ್ಲಿಯವರೆಗೆ ಪಾಠ ಮಾಡಿದ್ದೆ. ಆ ಪಾಠ ಅಲ್ಲಿಗೇ ಬಿಟ್ಟೆ.

ಬಲೆ ಕಟ್ಟಿಸಿಕೊಂಡು ಅಂಗಡಿಯ ಮೆಟ್ಟಿಲಿಳಿದೆ. ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಯಾರನ್ನೋ “ಬಲೆ, ಬಲೆ!” ಎಂದು ಕೂಗಿದರು. ನಾನು ನಿಂತು ತಿರುಗಿ ನೋಡಿದೆ. ನನ್ನನ್ನಲ್ಲ, ಗೊತ್ತು. ಆದರೆ ಅಂದು ಬಸವರಾಜರನ್ನೂ ಯಾರೂ ಕರೆದಿರಲಿಲ್ಲ.