ಮೇಲೊಂದು ಭಿನ್ನ, ಕೆಳಗೊಂದು ಭಿನ್ನ

ನೀಲಗಂಗವ್ವ ಶಾಲೆಯಲ್ಲಿ ತನ್ನ ತಂದೆಯನ್ನು ಅಪ್ಪಾ ಎಂದು ಕರೆಯುವಂತಿರಲಿಲ್ಲ. ಮಡಿವಾಳಪ್ಪ ಮಾಸ್ತರರು ಬನವಾಸಿ ಕಡೆಯಿಂದ ಸಿದ್ದಾಪುರದ ಹೈಸ್ಕೂಲೊಂದಕ್ಕೆ ಗಣಿತ ಕಲಿಸಲು ಬಂದವರು. ಮಗಳು ತಮ್ಮ ವರ್ಗಕ್ಕೆ ಬಂದ ದಿನವೇ, “ಇಲ್ಲಿ ನಾ ನಿಮ್ಮಪ್ಪ ಅಲ್ಲ, ಸರ್” ಎಂದು ಎಲ್ಲರೆದುರು ಹೇಳಿಬಿಟ್ಟರು. ಪಕ್ಷಪಾತದ ಮಾತು ಬಾರದಿರಲೆಂದು, ಉಳಿದವರಿಗೆ ಒಂದು ಏಟು ಬೀಳುವ ತಪ್ಪಿಗೆ ಅವಳಿಗೆ ಎರಡು ಬೀಳುತ್ತಿದ್ದವು.

೧೯೬೧ರಲ್ಲಿ, ಅವಳು ಮ್ಯಾಟ್ರಿಕ್‌ನಲ್ಲಿದ್ದಾಗ, ಭಿನ್ನರಾಶಿಯ ಹೊಟ್ಟೆಯೊಳಗೆ ಭಿನ್ನರಾಶಿಗಳಿರುವ ಲೆಕ್ಕಗಳು ಬಂದವು. ಮೇಲೆ ೧/ಅ + ೧/ಬ, ನಡುವೆ ಉದ್ದ ಗೆರೆ, ಕೆಳಗೆ ೧/ಅ − ೧/ಬ. ಮೇಲಿನದನ್ನು ಒಂದು ಮಾಡಬೇಕು, ಕೆಳಗಿನದನ್ನು ಒಂದು ಮಾಡಬೇಕು, ಆಮೇಲೆ ಕೆಳಗಿನದನ್ನು ತಿರುವಿ ಗುಣಿಸಬೇಕು. ಮಾಸ್ತರರ ದಾರಿ ಅದು. ಅರ್ಧ ಬೋರ್ಡು ತುಂಬುತ್ತಿತ್ತು.

ಬೋರ್ಡಿಗೆ ಕರೆದಾಗ ನೀಲಗಂಗವ್ವ ಒಂದೇ ಸಾಲಿನಲ್ಲಿ (ಬ + ಅ)/(ಬ − ಅ) ಎಂದು ಬರೆದು ನಿಂತಳು.

“ಯಾರು ಹೇಳಿಕೊಟ್ರು?”

“ಯಾರೂ ಇಲ್ರಿ ಸರ್. ಮ್ಯಾಲ, ಕೆಳಗ ಎರಡಕ್ಕೂ ‘ಅಬ’ದಿಂದ ಗುಣಿಸಿದೆ. ಒಳಗಿನ ಛೇದ ಎಲ್ಲಾ ಹೋಗ್ತಾವು. ಬೆಲಿ ಬದಲಾಗಂಗಿಲ್ಲಲ್ರಿ.”

ವರ್ಗದಲ್ಲಿ ಯಾರೋ “ಹೌದಲ್ಲೋ” ಎಂದರು. ಮಾಸ್ತರರ ಮುಖ ಕಪ್ಪಿಟ್ಟಿತು.

“ಉತ್ತರ ಮೊದಲ ನೋಡಿಕೊಂಡು ಬಂದೀ. ಅಳಸು. ಕೈಲೆ ಅಳಸು. ಈಗ ಇವರಿಗೆ ಹೇಳು, ಕದ್ದು ಬರದೆ ಅಂತ.”

ಅವಳು ಅಂಗೈಯಿಂದ ಬೋರ್ಡು ಅಳಿಸಿದಳು. ವರ್ಗದ ಕಡೆ ತಿರುಗಿ, ಕದ್ದು ಬರೆದೆ ಎಂದು ಹೇಳಿದಳು. ಹುಡುಗರು ನಕ್ಕರು.

ಆ ಭಾನುವಾರ ಮಧ್ಯಾಹ್ನ ತಂದೆ ಜಗಲಿಯಲ್ಲಿ ಪಾಟಿ ಹಿಡಿದು ಕೂತಿದ್ದರು. ನೀರು ಕೊಡಲು ಹೋದ ನೀಲಗಂಗವ್ವ ಇಣುಕಿದಳು. ಅವಳ ದಾರಿಯನ್ನೇ ಅವರು ಬೇರೆ ಬೇರೆ ಲೆಕ್ಕಗಳಿಗೆ ಹಚ್ಚಿ ನೋಡುತ್ತಿದ್ದರು, ಎಲ್ಲಾದರೂ ತಪ್ಪುತ್ತದೆಯೇ ಎಂದು. ಎಲ್ಲಿಯೂ ತಪ್ಪಿರಲಿಲ್ಲ. ಅವಳನ್ನು ಕಂಡದ್ದೇ ಪಾಟಿ ಒರೆಸಿ, “ಒಳಗ ನಡಿ” ಎಂದರು.

ತನ್ನದು ಸರಿ ಎಂದು ಅಪ್ಪನಿಗೆ ಗೊತ್ತಾಗಿದೆ ಎಂಬ ಧೈರ್ಯದಲ್ಲೇ ಅವಳು ಪೂರ್ವಪರೀಕ್ಷೆಯಲ್ಲಿ ಅಂಥ ಲೆಕ್ಕಗಳನ್ನೆಲ್ಲ ತನ್ನ ದಾರಿಯಲ್ಲೇ ಮಾಡಿದಳು. ಅದರಲ್ಲಿ ಪಾಸಾದವರನ್ನಷ್ಟೇ ಶಾಲೆ ಮ್ಯಾಟ್ರಿಕ್ ಪರೀಕ್ಷೆಗೆ ಕಳಿಸುತ್ತಿತ್ತು. ಮಾಸ್ತರರು ಅವಷ್ಟಕ್ಕೂ ಸೊನ್ನೆ ಹಾಕಿದರು. ಅವಳು ನಪಾಸಾದಳು.

ಹೆಡ್‌ಮಾಸ್ತರ ಶಾಂತಾರಾಮರು ಉತ್ತರಪತ್ರಿಕೆ ತಿರುವಿ ನೋಡಿ, “ಉತ್ತರ ಎಲ್ಲ ಸರಿ ಇದೆಯಲ್ಲ ಮಾಸ್ತರೇ? ಹುಡುಗಿ ಪರೀಕ್ಷೆಗೆ ಕೂತುಕೊಳ್ಳಲಿ ಬಿಡಿ” ಎಂದರು.

“ನನ್ನ ಮಗಳರೀ ಆಕಿ. ಬಿಟ್ರ ಊರು ಏನಂದೀತು?”

ಮನೆಯಲ್ಲಿ ತಾಯಿ ಪಾರ್ವತವ್ವ ಗಂಡನ ಕಾಲು ಹಿಡಿದು ಅತ್ತಳು. “ಓದು ಸಾಕು, ಗಂಡು ನೋಡೇನಿ” ಎಂದರು ಮಾಸ್ತರರು. ಬೇಸಿಗೆ ಕಳೆಯುವುದರೊಳಗೆ ನೀಲಗಂಗವ್ವನನ್ನು ಯಲ್ಲಾಪುರದಲ್ಲಿ ಅರಿವೆ ಅಂಗಡಿ ಇಟ್ಟಿದ್ದ ಚನ್ನಯ್ಯನಿಗೆ ಕೊಟ್ಟರು. ಮೊದಲ ಹೆಂಡತಿ ತೀರಿಕೊಂಡವನು, ವಯಸ್ಸಿನಲ್ಲಿ ಮಾಸ್ತರರಿಗೆ ತಮ್ಮನಂತಿದ್ದ. ಕೆಟ್ಟವನಲ್ಲ. ಆದರೆ ಹೆಂಡತಿ ಕಾಗದದ ಚೂರು ಹಿಡಿದು ಕೂತರೆ, “ಒಲಿ ಆರ್ತೈತಿ ನೋಡು” ಎನ್ನುತ್ತಿದ್ದ.

೧೯೬೬ರಲ್ಲಿ ತಂಗಿ ಕಲ್ಲವ್ವ ಮ್ಯಾಟ್ರಿಕ್‌ನಲ್ಲಿ ಶಾಲೆಗೇ ಮೊದಲನೆಯವಳಾಗಿ ಪಾಸಾದಳು. ಮಾಸ್ತರರು ಪೇಢೆ ಹಿಡಿದು, ಅವಳನ್ನು ಕರೆದುಕೊಂಡು ಯಲ್ಲಾಪುರಕ್ಕೆ ಬಂದರು. ಊಟಕ್ಕೆ ಕೂತಾಗ ಮಾತಿನ ನಡುವೆ ಕಲ್ಲವ್ವ ಉಬ್ಬಿ ಹೇಳಿದಳು: “ಅಕ್ಕಾ, ಆ ದೊಡ್ಡ ಭಿನ್ನರಾಶಿ ಅಪ್ಪ ಒಂದ ಸಾಲಿನಾಗ ಮಾಡೂದು ಕಲಿಸ್ಯಾರ! ಎಲ್ಲಾ ಛೇದದ ಲ.ಸಾ.ಅ. ತಗೊಂಡು ಮ್ಯಾಲ ಕೆಳಗ ಗುಣಿಸಿಬಿಡೂದು!”

ನೀಲಗಂಗವ್ವ ಬಡಿಸುತ್ತಿದ್ದ ಕೈ ನಿಲ್ಲಿಸಿ ತಂದೆಯನ್ನು ನೋಡಿದಳು. “ನಾನೂ ಹಂಗ ಮಾಡಿದ್ನಲ್ಲ, ಅಪ್ಪಾ?”

ಮಾಸ್ತರರು ರೊಟ್ಟಿ ಮುರಿಯುತ್ತ, “ಆವಾಗ ಅದು ಪುಸ್ತಕದಾಗ ಇರಲಿಲ್ಲ” ಎಂದರು. ಪಲ್ಯ ಬಾಯಿಗಿಟ್ಟು, “ಪಲ್ಯಾಕ್ಕ ಉಪ್ಪು ಕಡಿಮಿ ಆಗೈತಿ” ಎಂದರು.

ಅವಳು ಉಪ್ಪಿನ ಡಬ್ಬಿ ತಂದು ಅವರ ಮುಂದಿಟ್ಟು ಒಳಗೆ ಹೋದಳು. ಮತ್ತೆ ಹೊರಗೆ ಬರಲಿಲ್ಲ. ಅಕ್ಕ ಯಾಕೆ ಬಾಗಿಲು ಹಾಕಿಕೊಂಡಳೆಂದು ಕಲ್ಲವ್ವನಿಗೆ ತಿಳಿಯಲಿಲ್ಲ. ಬಾಗಿಲು ತಟ್ಟಿ ತಟ್ಟಿ ಸಾಕಾಗಿ, ಸಂಜೆಯ ಬಸ್ಸಿಗೆ ತಂದೆಯ ಹಿಂದೆ ಹೊರಟುಹೋದಳು. ಆ ವರ್ಷ ನಾಗರಪಂಚಮಿಗೆ ತವರಿಗೆ ಕರೆಯಲು ಬಂದ ಪಾರ್ವತವ್ವನಿಗೆ ನೀಲಗಂಗವ್ವ ಊಟ ಹಾಕಿ, ಸೀರೆ ಕೊಟ್ಟು, ಒಬ್ಬಳನ್ನೇ ಬಸ್ಸು ಹತ್ತಿಸಿದಳು.